ಗುದ್ದಾಟದ ಡಾಕ್ಟರುಗಳು

ಈ ವಾರ ಹೊನ್ನಾವರದಿಂದ ಬಂದ ಕಾಗದದಲ್ಲಿ ಮೂರು ಜನರ ಕೈಬರಹ ಇದೆ. ಮೇಲಿನ ಅರ್ಧ ಪುಟ ಒಂಬತ್ತನೇ ತರಗತಿಯ ಹುಡುಗನದು. ರವಿವಾರ ರವಿವಾರ ರೈಲು ಹತ್ತಿ ಭಟ್ಕಳಕ್ಕೆ ಹೋಗಿ ಬಾಕ್ಸಿಂಗ್ ಕಲಿಯುತ್ತಾನಂತೆ. "ಕ್ಲಿಚ್ಕೋ ಅಣ್ಣತಮ್ಮ ಇಬ್ಬರೂ ಹೆವಿವೇಟ್ ಚಾಂಪಿಯನ್, ಇಬ್ಬರೂ ಪಿಎಚ್.ಡಿ. ಇದು ಖರೆಯೇ?" ಎಂದು ಕೇಳಿದ್ದಾನೆ. ಅದರ ಕೆಳಗೆ, ದಿನಾ ಕುಮಟಾಕ್ಕೆ ಹೋಗಿ ಬಿ.ಎಸ್ಸಿ. ಓದುವ ಅವನ ಅಕ್ಕ ಬರೆದಿದ್ದಾಳೆ: "ದಿನಕ್ಕೆ ಎರಡು ಹೊತ್ತು ಗುದ್ದಾಡುವವನಿಗೆ ಪಿಎಚ್.ಡಿ. ಮಾಡಲು ಪುರಸೊತ್ತೆಲ್ಲಿ? ಚಾಂಪಿಯನ್ ಆದ ಮೇಲೆ ಯಾರೋ ಕರೆದು ಕೊಟ್ಟದ್ದಿರಬೇಕು. ನಮ್ಮಿಬ್ಬರಲ್ಲಿ ಬನ್ಸ್ ಭಾಜಿ ಪಂದ್ಯ ಆಗಿದೆ, ಬೇಗ ಬರೆಯಿರಿ." ಕಾಗದದ ತುದಿಯಲ್ಲಿ ಅಮ್ಮನದು ಒಂದೇ ಸಾಲು: "ತಲೆಗೆ ಪೆಟ್ಟು ತಿಂದು ತಿಂದು ಇವನಿಗೆ ಓದಿದ್ದು ಮರೆತುಹೋಗುವುದಿಲ್ಲವೇ?"

ಅಮ್ಮನ ಸಾಲಿಗೆ ಕಡೆಯಲ್ಲಿ ಬರುತ್ತೇನೆ. ಮೊದಲು ಪಂದ್ಯ ತೀರಿಸೋಣ.

ತಮ್ಮ ಹೇಳಿದ್ದು ಖರೆ. ಯುಕ್ರೇನಿನ ವಿತಾಲಿ ಕ್ಲಿಚ್ಕೋ 1999ರಲ್ಲಿ ಹರ್ಬಿ ಹೈಡ್‌ನನ್ನು ಕೆಡವಿ ವಿಶ್ವ ಹೆವಿವೇಟ್ ಪಟ್ಟಗಳಲ್ಲಿ ಒಂದನ್ನು ಗೆದ್ದ. 2000ದ ಫೆಬ್ರವರಿಯಲ್ಲಿ ಕೀವ್ ನಗರದ ದೈಹಿಕ ಶಿಕ್ಷಣ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರ ಎದುರು ನಿಂತು ತನ್ನ ಮಹಾಪ್ರಬಂಧವನ್ನು ಸಮರ್ಥಿಸಿದ. ಕ್ರೀಡೆಯಲ್ಲಿ ಪ್ರತಿಭೆಯನ್ನು ಗುರುತಿಸುವುದು ಹೇಗೆ ಎಂಬುದು ಅದರ ವಿಷಯ. ಏಪ್ರಿಲ್ 1ರಂದು ಕ್ರಿಸ್ ಬರ್ಡ್ ಎದುರು ಆಡುವಾಗ ಭುಜಕ್ಕೆ ಪೆಟ್ಟಾಗಿ, ಒಂಬತ್ತು ಸುತ್ತು ಮುಗಿದ ಮೇಲೆ ಸ್ಟೂಲಿನಿಂದ ಏಳಲಾಗದೆ ಪಟ್ಟ ಬಿಟ್ಟುಕೊಟ್ಟ. ಪದವಿಗೂ ಸೋಲಿಗೂ ನಡುವೆ ಐದು ವಾರವೂ ಇಲ್ಲ! ತಮ್ಮ ವ್ಲಾದಿಮಿರ್ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಸೂಪರ್ ಹೆವಿವೇಟ್ ಚಿನ್ನ ಗೆದ್ದವನು. ಅವನಿಗೂ 2001ರಲ್ಲಿ ಅದೇ ದರ್ಜೆಯ ಪದವಿ ಬಂತು. ಅಣ್ಣನಿಗೆ 'ಡಾಕ್ಟರ್ ಐರನ್‌ಫಿಸ್ಟ್' (ಕಬ್ಬಿಣದ ಮುಷ್ಟಿ), ತಮ್ಮನಿಗೆ 'ಡಾಕ್ಟರ್ ಸ್ಟೀಲ್‌ಹ್ಯಾಮರ್' (ಉಕ್ಕಿನ ಸುತ್ತಿಗೆ) ಎಂದು ಅಡ್ಡಹೆಸರು. ಇಬ್ಬರೂ ಪರಸ್ಪರ ಎಂದೂ ಗುದ್ದಾಡುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟು ಉಳಿಸಿಕೊಂಡರು. ಒಂದೇ ಮನೆಯಲ್ಲಿರುವ ಅಕ್ಕತಮ್ಮಂದಿರು ಈ ಕಡೆಯ ವಿಷಯವನ್ನೂ ಗಮನಿಸಬಹುದು. ವಿತಾಲಿ 2014ರಿಂದ ಕೀವ್ ನಗರದ ಮೇಯರ್.

ಹಾಗಾದರೆ ಬನ್ಸ್ ಭಾಜಿ ತಮ್ಮನಿಗೆ. ಆದರೆ ಅಕ್ಕನ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ, ಅದಕ್ಕೆ ಬೆಲೆ ಕೊಡಲೇಬೇಕು.

ಕುಮಟಾದಲ್ಲಿ ಡಾ. ಎ.ವಿ. ಬಾಳಿಗಾ ಕಾಲೇಜಿನ ಬೋರ್ಡ್ ನೀವೆಲ್ಲ ನೋಡಿದ್ದೀರಿ. ಆ 'ಡಾ.' ಬಾಳಿಗಾ ಅವರಿಗೆ ಬಂದದ್ದು ವೈದ್ಯಕೀಯ ಓದಿನಿಂದ. ಮುಂಬಯಿಯ ಹೆಸರಾಂತ ಶಸ್ತ್ರವೈದ್ಯರು ಅವರು. ಅದೇ ಕಾಲೇಜಿನ ಒಳಗೆ ಹೋದರೆ ಅಧ್ಯಾಪಕರ ಕೋಣೆಗಳ ಬಾಗಿಲ ಮೇಲೆ ಇನ್ನೊಂದಿಷ್ಟು 'ಡಾ.' ಕಾಣುತ್ತವೆ. ಅವು ಪಿಎಚ್.ಡಿ.ಯವು, ಸಂಶೋಧನೆ ಮಾಡಿ ಪಡೆದವು. ಮೂರನೆಯದು ಗೌರವ ಡಾಕ್ಟರೇಟ್. ನಮ್ಮ ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮೈಸೂರು ವಿಶ್ವವಿದ್ಯಾಲಯ 1976ರಲ್ಲಿ ರಾಜಕುಮಾರ್ ಅವರಿಗೆ ಕೊಟ್ಟಿತು, ಅಲ್ಲಿಂದ ಅವರು ಊರಿಗೆಲ್ಲ ಡಾ. ರಾಜ್. ಅದು ಪರೀಕ್ಷೆ ಬರೆದು ಬಂದದ್ದಲ್ಲ, ಬಾಳಿನ ಕೆಲಸ ನೋಡಿ ಕೊಟ್ಟದ್ದು. ಬಾಕ್ಸಿಂಗಿನಲ್ಲೂ ಹೀಗೆಯೇ. ಮುಹಮ್ಮದ್ ಅಲಿಗೆ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 2007ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ನಮ್ಮ ಮೇರಿ ಕೋಮ್ ಅವರಿಗೂ ಗೌರವ ಡಾಕ್ಟರೇಟ್ ಇದೆ. ಇವು ಸುಳ್ಳು ಪದವಿಗಳೂ ಅಲ್ಲ, ಓದಿನ ಪದವಿಗಳೂ ಅಲ್ಲ. ಇವನ್ನು ಪಿಎಚ್.ಡಿ. ಎಂದು ತಿಳಿದುಕೊಂಡರೆ ತಪ್ಪು ಕೊಟ್ಟವರದ್ದಲ್ಲ, ಪಡೆದವರದ್ದೂ ಅಲ್ಲ, ವಿಚಾರಿಸದೆ ಬರೆಯುವ ನಮ್ಮಂಥವರದ್ದು.

ಕ್ಲಿಚ್ಕೋಗಳದ್ದು ಈ ಮೂರನೆಯ ಜಾತಿಯದಲ್ಲ. ಆದರೂ ಒಂದು ಸಣ್ಣ ವಿವರ ಇದೆ. ಹಳೆಯ ಸೋವಿಯೆತ್ ಪದ್ಧತಿಯಲ್ಲಿ ಎರಡು ಮೆಟ್ಟಿಲು. ಮೊದಲನೆಯದು 'ಕ್ಯಾಂಡಿಡೇಟ್ ಆಫ್ ಸೈನ್ಸಸ್', ಅದರ ಮೇಲೆ 'ಡಾಕ್ಟರ್ ಆಫ್ ಸೈನ್ಸಸ್'. ಅಣ್ಣತಮ್ಮ ಹತ್ತಿದ್ದು ಮೊದಲನೆಯದನ್ನು. ಹೊರದೇಶಗಳಲ್ಲಿ ಅದನ್ನೇ ಪಿಎಚ್.ಡಿ.ಗೆ ಸಮ ಎಂದು ಒಪ್ಪುತ್ತಾರೆ. ಇನ್ನೊಂದು, ಸೋವಿಯೆತ್ ನಾಡುಗಳಲ್ಲಿ ಕ್ರೀಡೆಗೆಂದೇ ದೊಡ್ಡ ದೊಡ್ಡ ವಿದ್ಯಾಸಂಸ್ಥೆಗಳಿದ್ದವು. ಒಳ್ಳೆಯ ಆಟಗಾರ ಎಂದರೆ ಅಲ್ಲಿನ ವಿದ್ಯಾರ್ಥಿಯೂ ಹೌದು. ಅಭ್ಯಾಸ, ಪಾಠ, ಪ್ರಯೋಗ ಎಲ್ಲ ಒಂದೇ ಆವರಣದಲ್ಲಿ. ಬಾಕ್ಸಿಂಗ್ ಪ್ರತಿಭೆಯ ಬಗ್ಗೆ ಬರೆಯುವವನು ಹತ್ತು ವರ್ಷದಿಂದ ಬಾಕ್ಸರುಗಳ ನಡುವೆಯೇ ಬದುಕಿದವನು. ಕುಂಬಾರ ಮಣ್ಣಿನ ಮೇಲೆ ಪ್ರಬಂಧ ಬರೆದ ಹಾಗೆ. ಇದರಿಂದ ಕೆಲಸ ಹಗುರಾಯಿತೇ? ಸ್ವಲ್ಪ ಆಗಿರಬಹುದು. ಅದೇ ವಿತಾಲಿ ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಬೇಕಿದ್ದರೆ ಪಟ್ಟವೋ ಪದವಿಯೋ ಒಂದು ಕೈತಪ್ಪುತ್ತಿತ್ತು ಎಂದು ನನ್ನ ಲೆಕ್ಕ.

ಯಾಕೆ ಎಂದರೆ ಸಮಯದ ಲೆಕ್ಕ ನೋಡಿ. ಒಲಿಂಪಿಕ್ಸ್ ಬಾಕ್ಸಿಂಗ್ ಎಂದರೆ ಮೂರು ನಿಮಿಷದ ಮೂರು ಸುತ್ತು, ನಡುವೆ ಒಂದೊಂದು ನಿಮಿಷ ವಿಶ್ರಾಂತಿ. ಒಟ್ಟು 11 ನಿಮಿಷ. ಶಾಲೆಯ ಅರ್ಧ ಪೀರಿಯಡ್ಡೂ ಅಲ್ಲ! ಆದರೆ ಆ 11 ನಿಮಿಷಕ್ಕಾಗಿ ಬೆಳಿಗ್ಗೆ ಓಟ, ಸಂಜೆ ಮರಳಿನ ಚೀಲಕ್ಕೆ ಗುದ್ದು, ಜೊತೆಗಾರನೊಂದಿಗೆ ಅಭ್ಯಾಸ. ಮೇಲಿಂದ ತೂಕದ ಗೋಳು. 60 ಕಿಲೋ ವಿಭಾಗದವನು ಪಂದ್ಯದ ದಿನ ಬೆಳಿಗ್ಗೆ ತಕ್ಕಡಿಯಲ್ಲಿ 60ರ ಒಳಗೇ ಇರಬೇಕು. ಅದಕ್ಕಾಗಿ ವಾರಗಟ್ಟಲೆ ಅರೆಹೊಟ್ಟೆ. ಹಸಿದ ಹೊಟ್ಟೆಯಲ್ಲಿ ಪುಸ್ತಕ ಬಿಡಿಸಿ ಕೂತವರಿಗೆ ಗೊತ್ತು, ಅಕ್ಷರ ಕಾಣುತ್ತದೆ, ಅರ್ಥ ಒಳಗಿಳಿಯುವುದಿಲ್ಲ. ಭಾರತ ತಂಡದ ಶಿಬಿರ ಎಂದರೆ ಪಟಿಯಾಲದಂಥ ಕಡೆ ತಿಂಗಳುಗಟ್ಟಲೆ ಮನೆ, ಕಾಲೇಜು ಬಿಟ್ಟು ಇರುವುದು. (ರಾತ್ರಿಯಿಡೀ ಯಕ್ಷಗಾನದ ವೇಷ ಕಟ್ಟಿ ಬೆಳಿಗ್ಗೆ ಶಾಲೆಯಲ್ಲಿ ಹಾಜರಿ ಕರೆಯುವ ಮಾಸ್ತರುಗಳನ್ನು ನಮ್ಮ ಕಡೆಯವರು ಕಂಡಿದ್ದಾರೆ. ಎರಡು ದೋಣಿಯಲ್ಲಿ ಕಾಲಿಡಬಾರದು ಎನ್ನುವ ಮಾತು ನಮ್ಮಲ್ಲಿ ಪೂರ್ತಿ ನಡೆಯುವುದಿಲ್ಲ. ಆದರೆ ವೇಷಕ್ಕೆ ತೂಕ ಇಳಿಸಬೇಕಾಗಿಲ್ಲ, ಎದುರು ವೇಷದವರು ನಿಜವಾಗಿ ಹೊಡೆಯುವುದೂ ಇಲ್ಲ.)

ಇನ್ನು ಪಿಎಚ್.ಡಿ.ಯ ಕಡೆ ನೋಡಿ. ನಮ್ಮ ದೇಶದಲ್ಲಿ ಯು.ಜಿ.ಸಿ.ಯ 2022ರ ನಿಯಮದ ಪ್ರಕಾರ ಕಡಿಮೆ ಎಂದರೆ ಮೂರು ವರ್ಷ, ಸಾಮಾನ್ಯವಾಗಿ ಆರು ವರ್ಷದೊಳಗೆ ಮುಗಿಸಬೇಕು. ಮೊದಲು ಕೋರ್ಸ್‌ವರ್ಕ್ ಎಂಬ ಪಾಠ, ಪರೀಕ್ಷೆ. ಆಮೇಲೆ ಮಾರ್ಗದರ್ಶಕರ ಕೈಕೆಳಗೆ ಸಂಶೋಧನೆ. ಬರೆದ ಪ್ರಬಂಧವನ್ನು ಹೊರಗಿನ ಇಬ್ಬರಾದರೂ ಪರೀಕ್ಷಕರು ಓದಬೇಕು. ಕಡೆಗೆ ಎಲ್ಲರ ಎದುರು ಮೌಖಿಕ ಪರೀಕ್ಷೆ. ಕುಮಟಾ, ಹೊನ್ನಾವರದವರು ಇದಕ್ಕೆಂದು ಅರಬೈಲ್ ಘಟ್ಟ ಹತ್ತಿ ಧಾರವಾಡಕ್ಕೆ ಎಷ್ಟು ಸಲ ಹೋಗಿ ಬರುತ್ತಾರೆ ಎಂದು ಮನೆಯಲ್ಲಿ ಯಾರಾದರೂ ಮಾಡಿದವರಿದ್ದರೆ ಕೇಳಿ. ಒಂದು ಅನುಕೂಲ ಇದೆ, ಕೆಲಸದಲ್ಲಿದ್ದವರು ಸಂಸ್ಥೆಯ ಒಪ್ಪಿಗೆ ಪತ್ರ ತಂದು ಅರೆಕಾಲಿಕವಾಗಿಯೂ ಮಾಡಬಹುದು.

ಎರಡನ್ನೂ ಒಟ್ಟಿಗೆ ಮಾಡಲಾಗದಿದ್ದಾಗ ಏನು ಮಾಡಬೇಕು? ಈ ಪ್ರಶ್ನೆಗೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಉತ್ತರ ಇದೆ. ಬಾಕ್ಸಿಂಗಿನದಲ್ಲ, ಕ್ರಿಕೆಟ್ಟಿನದು. ಎರಪಳ್ಳಿ ಪ್ರಸನ್ನ 1962ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದಾಗ 21 ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿ. ಆ ವರ್ಷವೇ ವೆಸ್ಟ್ ಇಂಡೀಸ್ ಪ್ರವಾಸಕ್ಕೂ ಹೋಗಿ ಬಂದರು. ಬಂದವರು ಟೆಸ್ಟ್ ಕ್ರಿಕೆಟ್ ಬದಿಗಿಟ್ಟು ಮೈಸೂರಿನಲ್ಲಿ ಓದು ಮುಗಿಸಲು ಕೂತರು. ಮತ್ತೆ ಟೆಸ್ಟ್ ಆಡಿದ್ದು 1967ರ ಜನವರಿಯಲ್ಲಿ. ಐದು ವರ್ಷ! ಇವತ್ತಿನ ಯಾವ ಕ್ರಿಕೆಟಿಗನ ಮನೆಯವರು ಇದಕ್ಕೆ ಒಪ್ಪುತ್ತಾರೆ ಹೇಳಿ. ಮರಳಿದ ಪ್ರಸನ್ನ 20ನೇ ಟೆಸ್ಟಿಗೇ 100 ವಿಕೆಟ್ ಪೂರೈಸಿದರು. ಅಷ್ಟು ಬೇಗ ನೂರು ಮುಟ್ಟಿದ ಭಾರತೀಯ ಆಗ ಬೇರೆ ಇರಲಿಲ್ಲ. ಅವರ ನಂತರ ಕರ್ನಾಟಕದಿಂದ ಬಂದ ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್ ಇಬ್ಬರೂ ಎಂಜಿನಿಯರುಗಳೇ. ಕುಂಬ್ಳೆ 1990ರಲ್ಲಿ ಟೆಸ್ಟ್ ಆಡಲು ತೊಡಗಿದ ಮೇಲೂ ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದರು.

ಪ್ರಸನ್ನರ ದಾರಿ ಬಾಕ್ಸರ್‌ಗೆ ಆಗುತ್ತದೆಯೇ? ನನಗೆ ಅನುಮಾನ. ಸ್ಪಿನ್ ಬೌಲರ್ 26ಕ್ಕೆ ಮರಳಿ ಬಂದರೆ ಇನ್ನೂ ಹಣ್ಣಾಗುವ ವಯಸ್ಸು. ಬಾಕ್ಸರ್ 21ರಿಂದ 26ರವರೆಗೆ ರಿಂಗ್ ಬಿಟ್ಟರೆ ಅವನ ಕಾಲಿನ ವೇಗ ಅವನಿಗಾಗಿ ಕಾಯುವುದಿಲ್ಲ. ಆದ್ದರಿಂದ ಬಾಕ್ಸರ್ ಮಾಡಬಹುದಾದ್ದು ಇದರ ತಿರುಗಾಮುರುಗಾ. ಆಡುವಾಗ ಬಿ.ಎ., ಬಿ.ಕಾಂ. ಎಂದು ಒಂದು ಪದವಿಯ ಎಳೆ ಕಡಿಯದಂತೆ ಹಿಡಿದಿಟ್ಟುಕೊಂಡು, ಗ್ಲೌಸ್ ಬಿಚ್ಚಿದ ಮೇಲೆ ದೊಡ್ಡ ಓದಿಗೆ ಕೂರುವುದು.

ಮೇರಿ ಕೋಮ್ ಅವರ ಗೌರವ ಡಾಕ್ಟರೇಟ್‌ಗಿಂತ ನನಗೆ ಹೆಚ್ಚು ಹಿಡಿಸುವುದು ಅವರ ಸಣ್ಣ ಪದವಿ. ಮಣಿಪುರದ ಬಡ ರೈತರ ಮನೆಯ ಹುಡುಗಿ, ನಡುವೆ ಶಾಲೆ ಬಿಟ್ಟಳು. ಆಮೇಲೆ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಪರೀಕ್ಷೆ ಕಟ್ಟಿ, ಚುರಾಚಾಂದ್‌ಪುರ ಕಾಲೇಜಿನಲ್ಲಿ ಪದವಿ ಮುಗಿಸಿದಳು. ಆರು ಸಲ ವಿಶ್ವ ಚಾಂಪಿಯನ್, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು. ಆ ಪದವಿಯನ್ನು ಯಾರೂ ಕರೆದು ಕೊಟ್ಟದ್ದಲ್ಲ. ನಮ್ಮಲ್ಲಿ ಒಳ್ಳೆಯ ಬಾಕ್ಸರ್‌ಗೆ ಸೇನೆ, ರೈಲ್ವೆ, ಪೊಲೀಸ್ ಇಲಾಖೆಯಲ್ಲಿ ಕೆಲಸ ಸಿಗುತ್ತದೆ. ಕೆಲಸ ಸಿಕ್ಕಿದ ದಿನವೇ ಎಷ್ಟೋ ಜನರ ಓದು ನಿಲ್ಲುತ್ತದೆ. ಮನೆಗೆ ಸಂಬಳ ಬೇಕಾಗಿರುವಾಗ ಅದನ್ನು ತಪ್ಪೆನ್ನಲು ನಾನು ಯಾರು? ಸೇನೆಯಿಂದ ಬಂದು ಬಾಕ್ಸಿಂಗಿನಲ್ಲೇ ಗುರುವಾಗಿ ಬೆಳೆದವರೂ ಇದ್ದಾರೆ. ನಮ್ಮ ಕೊಡಗಿನ ಸಿ.ಎ. ಕುಟ್ಟಪ್ಪ ಭಾರತ ತಂಡದ ಕೋಚ್ ಆಗಿ 2018ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಪಡೆದರು. ವಿದ್ಯೆ ಎಂದರೆ ಅದೂ ಹೌದು, ಅದಕ್ಕೆ 'ಡಾ.' ಬೇಕೆಂದಿಲ್ಲ.

ಇನ್ನೊಂದು ದಾರಿ ನಿಮ್ಮ ಕಣ್ಣೆದುರೇ ಇದೆ, ನೀವು ಗಮನಿಸಿರಲಿಕ್ಕಿಲ್ಲ. ಮಕ್ಕಳಿಗೆ ಪಿ.ಟಿ. ಮಾಸ್ತರು ಎಂದರೆ ಸೀಟಿ ಊದುವವರು, ಸಾಲು ನಿಲ್ಲಿಸುವವರು. ಆದರೆ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರಾಗಿರುವ ಎಷ್ಟೋ ಜನ ಒಂದು ಕಾಲಕ್ಕೆ ವಿಶ್ವವಿದ್ಯಾಲಯದ ಬಣ್ಣ ತೊಟ್ಟು ಆಡಿದವರು, ಆಮೇಲೆ ದೈಹಿಕ ಶಿಕ್ಷಣದಲ್ಲೇ ಪಿಎಚ್.ಡಿ. ಮಾಡಿದವರು. ಅಕ್ಕನಿಗೆ ಒಂದು ಕೆಲಸ: ನಿನ್ನ ಕಾಲೇಜಿನ ನಿರ್ದೇಶಕರ ಹೆಸರಿನ ಮುಂದೆ 'ಡಾ.' ಇದ್ದರೆ, ಅದು ಯಾವ ವಿಷಯದ ಮೇಲೆ ಬಂತು, ಎಷ್ಟು ವರ್ಷ ಹಿಡಿಯಿತು ಎಂದು ಕೇಳಿ ನೋಡು. ಕ್ಲಿಚ್ಕೋಗಿಂತ ಹೆಚ್ಚಿನ ಉಪಯೋಗ ತಮ್ಮನಿಗೆ ಆ ಮಾತಿನಿಂದ ಆದೀತು.

ಸುಳ್ಳು ಪದವಿಯ ಕಥೆಯೂ ಒಂದಿದೆ, ಅಕ್ಕನ ಸಮಾಧಾನಕ್ಕಾದರೂ ಹೇಳಬೇಕು. ಹಂಗೇರಿಯ ಪಾಲ್ ಶ್ಮಿಟ್ ಕತ್ತಿವರಸೆಯಲ್ಲಿ 1968 ಮತ್ತು 1972ರ ಒಲಿಂಪಿಕ್ಸ್ ಚಿನ್ನ ಗೆದ್ದ ತಂಡದವನು. 1992ರಲ್ಲಿ ಒಲಿಂಪಿಕ್ಸ್ ಕುರಿತೇ ಪ್ರಬಂಧ ಬರೆದು ಡಾಕ್ಟರೇಟ್ ಪಡೆದ. ಮುಂದೆ ಆ ದೇಶದ ರಾಷ್ಟ್ರಪತಿಯೂ ಆದ. ಇಪ್ಪತ್ತು ವರ್ಷದ ಮೇಲೆ ಪತ್ರಕರ್ತರು ಪ್ರಬಂಧ ತೆಗೆದು ನೋಡಿದರೆ ಬಹುಪಾಲು ಬೇರೆಯವರ ಬರಹದ ನಕಲು. 2012ರ ಮಾರ್ಚಿನಲ್ಲಿ ವಿಶ್ವವಿದ್ಯಾಲಯ ಪದವಿ ಹಿಂದಕ್ಕೆ ಪಡೆಯಿತು, ಏಪ್ರಿಲ್ 2ರಂದು ರಾಷ್ಟ್ರಪತಿ ಹುದ್ದೆಯನ್ನೂ ಬಿಡಬೇಕಾಯಿತು. ಚಿನ್ನದ ಪದಕಗಳನ್ನು ಯಾರೂ ಕಿತ್ತುಕೊಳ್ಳಲಿಲ್ಲ, ಅವು ಅವನೇ ಗೆದ್ದದ್ದು ತಾನೇ.

ಹಾಗೆಂದು ಆಟಗಾರರ 'ಡಾ.' ಕಂಡಾಗೆಲ್ಲ ಮೂಗು ಮುರಿಯಬೇಡಿ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ನಮ್ಮ ಹಾಕಿ ತಂಡದಲ್ಲಿದ್ದ ವೇಸ್ ಪೇಸ್ ವೈದ್ಯರು. ಟೆನಿಸ್ಸಿನ ಲಿಯಾಂಡರ್ ಪೇಸ್ ಅವರ ತಂದೆ. ಟೋಕಿಯೋ ಒಲಿಂಪಿಕ್ಸ್‌ನ ಸೈಕಲ್ ಓಟದಲ್ಲಿ ಆಸ್ಟ್ರಿಯಾದ ಆನಾ ಕೀಸನ್‌ಹೋಫರ್ ಎಲ್ಲರಿಗಿಂತ ಮುಂದೆ ಹೋಗಿ ಚಿನ್ನ ಗೆದ್ದಾಗ, ಇವಳು ಯಾರೆಂದು ಹಿಂದೆ ಬಂದವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಗಣಿತದಲ್ಲಿ ಪಿಎಚ್.ಡಿ. ಮಾಡಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದವಳು ಆಕೆ. ಕ್ರೀಡೆಯಲ್ಲಲ್ಲ, ಗಣಿತದಲ್ಲಿ!

ಈಗ ಅಮ್ಮನವರ ಸಾಲಿಗೆ ಬರುತ್ತೇನೆ. ಇಡೀ ಕಾಗದದಲ್ಲಿ ಭಾರದ ಪ್ರಶ್ನೆ ಅದೇ. ಸೈಕಲ್, ಕ್ರಿಕೆಟ್, ಹಾಕಿಯ ಉದಾಹರಣೆ ಕೊಟ್ಟು ಅದನ್ನು ದಾಟಿಹೋಗಲು ಬರುವುದಿಲ್ಲ. ಬೇರೆ ಆಟಗಳಲ್ಲಿ ತಲೆಗೆ ಪೆಟ್ಟು ಬಿದ್ದರೆ ಅಪಘಾತ, ಬಾಕ್ಸಿಂಗಿನಲ್ಲಿ ಅದು ಅಂಕ.

1928ರಲ್ಲಿ ಅಮೆರಿಕದ ಹ್ಯಾರಿಸನ್ ಮಾರ್ಟ್‌ಲೆಂಡ್ ಎಂಬ ವೈದ್ಯ, ಬಹಳ ಕಾಲ ಪೆಟ್ಟು ತಿಂದ ಬಾಕ್ಸರುಗಳ ನಡಿಗೆ ತಡವರಿಸುವುದು, ಮಾತು ತೊದಲುವುದು, ಬುದ್ಧಿ ಮಂಕಾಗುವುದು ಎಲ್ಲವನ್ನೂ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ. ಕುಡಿದವರಂತೆ ಕಾಣುತ್ತಾರೆಂದು ಜನ ಅದಕ್ಕೆ ಮೊದಲೇ ಹೆಸರಿಟ್ಟಿದ್ದರು. ಆ ವರ್ಷವೇ ಹೆವಿವೇಟ್ ಚಾಂಪಿಯನ್ ಜೀನ್ ಟನ್ನಿ ರಿಂಗ್ ಬಿಟ್ಟ. ಹೆಚ್ಚು ಶಾಲೆ ಕಲಿತವನಲ್ಲ, ಆದರೆ ಪುಸ್ತಕದ ಹುಚ್ಚು. 1928ರಲ್ಲಿ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಎದುರು ಶೇಕ್ಸ್‌ಪಿಯರ್ ಬಗ್ಗೆ ಉಪನ್ಯಾಸ ಕೊಟ್ಟವನು! ಅಭ್ಯಾಸದ ವೇಳೆ ತಲೆಗೆ ಬಿದ್ದ ಒಂದು ಪೆಟ್ಟಿನಿಂದ ಕೆಲವು ಕಾಲ ತನಗೆ ನೆನಪೇ ತಪ್ಪಿತ್ತು ಎಂದು ಅವನೇ ಮುಂದೆ ಬರೆದುಕೊಂಡಿದ್ದಾನೆ. ಪಂದ್ಯದಲ್ಲಲ್ಲ, ಅಭ್ಯಾಸದಲ್ಲಿ ಎಂಬುದನ್ನು ಗಮನಿಸಿ. ಪಂದ್ಯ ವರ್ಷಕ್ಕೆ ನಾಲ್ಕಾರು, ಅಭ್ಯಾಸ ದಿನಾ.

ಹಾಗಾಗಿ ಅಮ್ಮನವರೇ, ನಿಮ್ಮ ಹೆದರಿಕೆ ಹಳ್ಳಿಯ ಹೆದರಿಕೆ ಅಲ್ಲ, ವೈದ್ಯರಿಗೂ ಇರುವಂಥದ್ದು. ಬಾಕ್ಸಿಂಗ್ ಬಿಡಿಸಿ ಎಂದು ನಾನು ಹೇಳುವುದಿಲ್ಲ. ಆದರೆ ಭಟ್ಕಳದ ಕ್ಲಾಸಿಗೆ ನೀವೇ ಒಂದು ರವಿವಾರ ಹೋಗಿ ಕೂತು ನೋಡಿ. ಹುಡುಗರ ತಲೆಗೆ ಕವಚ, ಬಾಯಿಗೆ ಹಲ್ಲಿನ ರಕ್ಷೆ ಇದೆಯೇ? (ದೊಡ್ಡ ಪಂದ್ಯಗಳಲ್ಲಿ ಗಂಡಸರು 2013ರಿಂದ ತಲೆಕವಚ ಇಲ್ಲದೆ ಆಡುತ್ತಾರೆ. ಅದನ್ನು ಟಿ.ವಿ.ಯಲ್ಲಿ ನೋಡಿ ಮಗ ನಿಮ್ಮ ಹತ್ತಿರ ವಾದ ಮಾಡಿದರೆ ಕೇಳಬೇಡಿ.) ಒಂದೇ ತೂಕದ, ಒಂದೇ ವಯಸ್ಸಿನ ಜೋಡಿ ಹಾಕುತ್ತಾರೆಯೇ? ಕಾಲಿನ ಕೆಲಸ, ಚೀಲದ ಕೆಲಸ ಹೆಚ್ಚೋ, ಎದುರಾಬದುರು ಹೊಡೆದಾಟ ಹೆಚ್ಚೋ? ಒಂಬತ್ತನೇ ತರಗತಿಯವನಿಗೆ ಮೊದಲನೆಯದೇ ಹೆಚ್ಚಿರಬೇಕು. ಪೆಟ್ಟಾದರೆ ಯಾರಿಗೆ ಹೇಳುತ್ತೀರಿ ಎಂದು ಕೋಚ್‌ರನ್ನು ಕೇಳಿ. ಉತ್ತರ ಕೊಡಲು ತಡವರಿಸಿದರೆ ಬೇರೆ ಕ್ಲಾಸ್ ನೋಡಿ.

ಮತ್ತೆ, ಹುಡುಗಾ, ನಿನಗೆ. ತಲೆಗೆ ಜೋರು ಪೆಟ್ಟು ಬಿದ್ದು ತಲೆನೋವು, ಓಕರಿಕೆ, ಕಣ್ಣು ಮಂಜು, ಈಗ ಯಾವ ಸುತ್ತು ಎಂಬುದು ಮರೆಯುವುದು ಇಷ್ಟರಲ್ಲಿ ಯಾವುದೇ ಒಂದು ಕಂಡರೂ ಆ ದಿನ ಗ್ಲೌಸ್ ಕಳಚಬೇಕು, ಮತ್ತೆ ಹಾಕುವಂತಿಲ್ಲ. ರೈಲಿನಲ್ಲಿ ಒಬ್ಬನೇ ವಾಪಸ್ ಹೊರಡಬೇಡ, ಮನೆಗೆ ಫೋನ್ ಮಾಡಿಸು. ವಾಂತಿ ಮುಂದುವರಿದರೆ, ತೂಕಡಿಕೆ ಹೆಚ್ಚಿದರೆ ತಡ ಮಾಡದೆ ಆಸ್ಪತ್ರೆ. ಮುಂದಿನ ಒಂದೆರಡು ದಿನ ಮೊಬೈಲೂ ಕಡಿಮೆ, ಪುಸ್ತಕವೂ ಕಡಿಮೆ. ಆಮೇಲೆ ಮೊದಲು ಶಾಲೆಗೆ ಮರಳುವುದು, ಪಾಠ ಮೊದಲಿನಂತೆ ತಲೆಗೆ ಹತ್ತುತ್ತದೆ ಎಂದಾದ ಮೇಲೆ, ವೈದ್ಯರು ಹೂಂ ಎಂದ ಮೇಲೆ ರಿಂಗ್. ಈ ಸರದಿಯನ್ನು ತಿರುಗಿಸಬೇಡ. ದೊಡ್ಡವರ ಪಂದ್ಯದಲ್ಲೇ ತಲೆಯ ಪೆಟ್ಟಿನಿಂದ ನಾಕೌಟ್ ಆದವರನ್ನು ಕನಿಷ್ಠ 30 ದಿನ ಹೊರಗಿಡುವ ನಿಯಮ ಇದೆ. ನಿನ್ನ ಕ್ಲಾಸ್ ಟೀಚರ್‌ಗೂ ಪೆಟ್ಟಾದದ್ದು ಗೊತ್ತಿರಲಿ, ಆ ವಾರ ಟೆಸ್ಟ್ ಇದ್ದರೆ ಮುಂದೆ ಹಾಕಿಕೊಡಿ ಎಂದು ಅಕ್ಕ ಹೋಗಿ ಕೇಳಲಿ. ಬನ್ಸ್ ಭಾಜಿಯ ಹಣವನ್ನು ಅವಳೇ ಕೊಡುವುದಾದ್ದರಿಂದ ಇದನ್ನೂ ಅವಳ ಲೆಕ್ಕಕ್ಕೇ ಬರೆದಿದ್ದೇನೆ.